ಕಿಲ್ಟ್ ಜೊತೆ ಚೆಕ್ಸ್ ಶರ್ಟ್: ಇನ್‌ಶರ್ಟ್ ನಿಲ್ಲುತ್ತಿಲ್ಲ, ಕಾಲರ್ ಸೊಟ್ಟಗಾಗುತ್ತಿದೆ. ಕಡಿಮೆ ದುಡ್ಡಲ್ಲಿ ಯಾವುದು ಕೊಳ್ಳಲಿ?

ಲೀತ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಎಡಿನ್‌ಬರದ ಲೀತ್‌ನಲ್ಲಿದ್ದೇನೆ. ಇಲ್ಲಿನ ಗೆಳೆಯನ ಮದುವೆಗೆ ಅಂತ ಕಿಲ್ಟ್ ಹೊಲಿಸಿದ್ದೆ, ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ, ಮಂಡಿವರೆಗಿನ ನೆರಿಗೆ ಉಡುಪು. ಬ್ಲ್ಯಾಕ್ ವಾಚ್ ಅನ್ನುವ ಗಾಢ ಹಸಿರು-ನೀಲಿ ಟಾರ್ಟನ್ (ಸ್ಕಾಟ್ಲೆಂಡಿನ ಚೌಕಳಿ ಉಣ್ಣೆ ಬಟ್ಟೆ), 8 ಗಜದ್ದು. ಅದು ಎಷ್ಟು ಇಷ್ಟವಾಯಿತೆಂದರೆ ಹಗಲು ಹೊತ್ತಿಗೂ ಹಾಕೋಣ ಅಂತ ಹಸಿರು ಟ್ವೀಡ್ (ಒರಟು ಉಣ್ಣೆ ಬಟ್ಟೆ) ಜಾಕೆಟ್, ತೋಳಿಲ್ಲದ ವೇಸ್ಟ್‌ಕೋಟ್ ತೆಗೆದುಕೊಂಡೆ. ಸಂಜೆಯ ಕಪ್ಪು ಕೋಟಿಗೆ ಬಿಳಿ ಶರ್ಟ್ ಸಾಕು. ಟ್ವೀಡ್‌ಗೆ ಇಲ್ಲಿನವರು ಚೆಕ್ಸ್ ಹಾಕುವುದನ್ನು ನೋಡಿ ನಾನೂ 3 ಶರ್ಟಿನ ಕಟ್ಟೊಂದನ್ನು ಅಗ್ಗಕ್ಕೆ ಕೊಂಡೆ. ಈಗ ಮೂರು ತೊಂದರೆ.

ಮೊದಲನೆಯದು, ಕೇಲಿಯಲ್ಲಿ (ಇಲ್ಲಿನವರು ಒಟ್ಟಿಗೆ ಸೇರಿ ಕುಣಿಯುವ ಕೂಟ) ಸ್ಟ್ರಿಪ್ ದ ವಿಲೋ ಅನ್ನುವ ಜೋರು ಕುಣಿತ ಮುಗಿಯುವಷ್ಟರಲ್ಲಿ ಬೆನ್ನ ಹಿಂದೆ ಶರ್ಟ್ ಪೂರ್ತಿ ಹೊರಗೆ. ಎರಡನೆಯದು, ಕಾಲರ್‌ನ ಎರಡೂ ತುದಿ ಮೇಲಕ್ಕೆ ಸುರುಳಿಯಾಗಿ ಟೈ ಪಟ್ಟಿ ಕಾಣುತ್ತದೆ. ಮೂರನೆಯದು, ಫೋಟೋದಲ್ಲಿ ಶರ್ಟ್ ಒಂದು ಕಡೆ, ಕಿಲ್ಟ್ ಒಂದು ಕಡೆ ಎಳೆದಾಡಿದ ಹಾಗೆ ಕಾಣುತ್ತದೆ. ಸೆಪ್ಟೆಂಬರ್ ಮೊದಲ ಶನಿವಾರ ಬ್ರೇಮಾರ್ ಊರಿನ ಬಯಲಲ್ಲಿ ನಡೆಯುವ ಸ್ಕಾಟಿಷ್ ಕ್ರೀಡೆಗಳಿಗೆ, ಬ್ರೇಮಾರ್ ಗೇಮ್ಸ್‌ಗೆ, ಹೋಗುವುದಿದೆ. ಅಷ್ಟರೊಳಗೆ ಸರಿ ಮಾಡಿಕೊಳ್ಳಬೇಕು.

ಎಂಟುಗಜ_ನೆರಿಗೆ:
ಹೊಸ ಶರ್ಟ್ ಕೊಳ್ಳುವ ಮೊದಲು ಮೂರು ವಿಷಯ ಹೇಳಿ. ಕಿಲ್ಟ್‌ನ ಮೇಲಂಚು ನಿಮ್ಮ ಮೈಮೇಲೆ ಎಲ್ಲಿ ಕೂರುತ್ತದೆ? ಶರ್ಟನ್ನು ಮಂಚದ ಮೇಲೆ ಹರಡಿ, ಕಾಲರ್ ಬುಡದಿಂದ ಹಿಂಬದಿಯ ತುದಿವರೆಗೆ ಅಳೆದರೆ ಎಷ್ಟು ಇಂಚು? ಚೆಕ್ಸ್‌ನ ಒಂದು ಮನೆ ಎಷ್ಟು ದೊಡ್ಡದು, ಯಾವ ಬಣ್ಣ?

ಲೀತ್_ಕನ್ನಡಿಗ:
ಕಿಲ್ಟ್ ಜೀನ್ಸ್ ಹಾಕುವ ಜಾಗದಲ್ಲೇ ಇರುತ್ತದೆ, ಸೊಂಟದ ಮೂಳೆ ಮೇಲೆ. ಶರ್ಟ್ ಉದ್ದ 28 ಇಂಚು, ತುದಿ ನೇರವಾಗಿ ಕತ್ತರಿಸಿದ್ದು. ಚೆಕ್ಸ್ ಕೆಂಪು ಮತ್ತು ನೇವಿ, ಒಂದು ಮನೆ ಸುಮಾರು ಒಂದು ಇಂಚು.

ಎಂಟುಗಜ_ನೆರಿಗೆ:
ಹಾಗಾದರೆ ಅರ್ಧ ತಪ್ಪು ಶರ್ಟಿನದ್ದಲ್ಲ. ಕಿಲ್ಟ್ ಕೂರುವ ಜಾಗ ಹೊಕ್ಕುಳದ ಮಟ್ಟ. ಕೆಳಗಿನ ಅಂಚು ಮಂಡಿಚಿಪ್ಪಿನ ನಡುವಿಗೋ ಅದರ ಮೇಲಕ್ಕೋ ಬರಬೇಕು. ಮಂಡಿಯೂರಿ ಮೈ ನೆಟ್ಟಗೆ ಇಟ್ಟು ನೋಡಿ. ಅಂಚು ನೆಲದಿಂದ ಒಂದಿಂಚು ಮೇಲಿರಬೇಕು, ನೆಲಕ್ಕೆ ತಾಗಿದರೆ ಕೆಳಗೆ ಕಟ್ಟಿದ್ದೀರಿ ಅಂತಲೇ ಅರ್ಥ. ಕೆಳಗೆ ಕಟ್ಟಿದಾಗ ಇನ್‌ಶರ್ಟ್‌ಗೆ ಸಿಗುವ ಬಟ್ಟೆ ಎರಡು ಮೂರು ಇಂಚು ಕಡಿಮೆಯಾಗುತ್ತದೆ. ವೇಸ್ಟ್‌ಕೋಟ್ ಮತ್ತು ಕಿಲ್ಟ್ ನಡುವೆ ಶರ್ಟ್ ಇಣುಕುವುದೂ ಇದರಿಂದಲೇ. ಪಂಚೆ ಜಾರಿಸಿ ಕಟ್ಟಿದರೆ ಹೇಗೋ ಹಾಗೆ. ಕಟ್ಟು ಸರಿಯಿಲ್ಲದಿದ್ದರೆ ಮೇಲಿನದ್ಯಾವುದೂ ನಿಲ್ಲುವುದಿಲ್ಲ.

ಉಳಿದರ್ಧ ಶರ್ಟಿನದ್ದೇ. ನೇರ ತುದಿಯ 28 ಇಂಚಿನ ಶರ್ಟ್ ಹೊರಗೆ ಬಿಟ್ಟು ಹಾಕಲು ಹೊಲಿದದ್ದು. ನಿಮಗೆ ಬೇಕಾದ್ದು ಹಿಂದೆ ಮುಂದೆ ಬಾಲದ ಹಾಗೆ ದುಂಡಗೆ ಇಳಿದಿರುವ ಶರ್ಟ್. ಉದ್ದ 31 ಇಂಚಿಗೆ ಕಡಿಮೆ ಬೇಡ, ಎತ್ತರದವರಾದರೆ 32. ಸ್ಲಿಮ್ ಫಿಟ್ ಬಿಟ್ಟುಬಿಡಿ. ಕೈ ಮೇಲೆತ್ತಿದಾಗ ಕಂಕುಳ ಹತ್ತಿರ ಬಿಗಿಯಾದರೆ ಅದು ಬಾಲವನ್ನೇ ಎಳೆಯುತ್ತದೆ. ಟ್ರಯಲ್ ರೂಮಿನಲ್ಲಿ ಕನ್ನಡಿ ಮುಂದೆ ನೆಟ್ಟಗೆ ನಿಲ್ಲಬೇಡಿ. ಇನ್‌ಶರ್ಟ್ ಮಾಡಿ, ಎರಡೂ ಕೈ ಐದಾರು ಸಲ ತಲೆ ಮೇಲೆತ್ತಿ. ಆಮೇಲೆ ಹಿಂದೆ ಮುಟ್ಟಿ ನೋಡಿ.

ಇನ್ನು ಚೆಕ್ಸ್. ಕಿಲ್ಟ್‌ನ ಟಾರ್ಟನ್ ಮಾದರಿ ಸಾಮಾನ್ಯವಾಗಿ ಆರು ಇಂಚಿಗೊಮ್ಮೆ ಮರಳಿ ಬರುತ್ತದೆ. ಅದರ ಮೇಲೆ ಒಂದಿಂಚಿನ ಗಾಢ ಚೆಕ್ಸ್ ಇಟ್ಟರೆ ಎರಡೂ ಜೋರು ದನಿಯಲ್ಲಿ ಮಾತಾಡುತ್ತವೆ. ಹಳ್ಳಿಗಾಡಿನ ಶರ್ಟಿಗೆ ಇಲ್ಲಿ ಒಗ್ಗಿರುವುದು ಟ್ಯಾಟರ್ಸಾಲ್ ಚೆಕ್ಸ್. ಕೆನೆ ಬಣ್ಣದ ನೆಲ, ಅದರ ಮೇಲೆ ಎರಡು ಬಣ್ಣದ ತೆಳು ಗೆರೆ ಒಂದರ ಪಕ್ಕ ಒಂದು. 1766ರಲ್ಲಿ ಲಂಡನ್‌ನಲ್ಲಿ ಶುರುವಾದ ಟ್ಯಾಟರ್ಸಾಲ್ ಕುದುರೆ ಮಾರುಕಟ್ಟೆಯಲ್ಲಿ ಕುದುರೆಗಳ ಮೇಲೆ ಹೊದಿಸುತ್ತಿದ್ದ ಕಂಬಳಿಯ ಚೆಕ್ಸ್ ಅದು. ಹೆಸರೂ ಅಲ್ಲಿಂದಲೇ ಬಂತು. ಮನೆ ಅರ್ಧ ಇಂಚಿನೊಳಗೆ ಇರಲಿ. ಗೆರೆಯ ಬಣ್ಣ ನಿಮ್ಮ ಟ್ವೀಡ್‌ನಲ್ಲೋ ಟಾರ್ಟನ್‌ನಲ್ಲೋ ಇರುವುದಾಗಿರಲಿ. ಬ್ಲ್ಯಾಕ್ ವಾಚ್‌ಗೆ ಹಸಿರು ಮತ್ತು ಸಾಸಿವೆ ಹಳದಿ ಗೆರೆ ಚೆನ್ನಾಗಿ ಕೂರುತ್ತದೆ. ಹತ್ತು ಹೆಜ್ಜೆ ದೂರದಿಂದ ಶರ್ಟ್ ಹೆಚ್ಚುಕಡಿಮೆ ಕೆನೆ ಬಣ್ಣವಾಗಿ ಕಾಣಬೇಕು, ಹತ್ತಿರ ಬಂದಾಗ ಗೆರೆ ಕಾಣಬೇಕು. ತೀರಾ ಸಣ್ಣ ಗಿಂಗಮ್ (ಬಿಳಿ ಮತ್ತು ಇನ್ನೊಂದು ಬಣ್ಣದ ಸಮ ಚೌಕಳಿ) ಬೇಡ. ಮೊಬೈಲ್ ಫೋಟೋದಲ್ಲಿ ಅಲೆಅಲೆಯಾಗಿ ಮಿನುಗುತ್ತದೆ. ಟೈ ಸಾದಾ ಉಣ್ಣೆಯದ್ದು ಸಾಕು.

ಹೊಲಿಗೆಮನೆ_ಪರ್ತ್:
ಕಾಲರ್ ಬಗ್ಗೆ ನಾನು ಹೇಳುತ್ತೇನೆ, ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ. ಕಾಲರ್ ಸುರುಳಿಯಾಗುವುದು ಒಳಗಿನ ಕ್ಯಾನ್ವಾಸ್ ತೆಳುವಾಗಿರುವುದರಿಂದ. ಕಾಲರ್ ತಿರುಗಿಸಿ ಕೆಳಭಾಗ ನೋಡಿ. ಒಳ್ಳೆಯದರಲ್ಲಿ ಎರಡೂ ತುದಿಗೆ ಸಣ್ಣ ಜೇಬಿನಂಥ ಸೀಳು ಇರುತ್ತದೆ, ಕಾಲರ್ ಬೋನ್ (ತುದಿ ನೆಟ್ಟಗೆ ನಿಲ್ಲಿಸುವ ಗಟ್ಟಿ ಪಟ್ಟಿ) ತೂರಿಸಲು. ಬೋನ್ ಕಳೆದುಹೋಗಿದ್ದರೆ ಹೊಸದು ಸಿಗುತ್ತದೆ, ಬೆಲೆ ಏನೂ ಇಲ್ಲ. ಒಗೆಯುವಾಗ ಮಾತ್ರ ಮರೆಯದೆ ತೆಗೆಯಿರಿ. ಕತ್ತಿನ ಅಳತೆ ಗುಂಡಿ ಹಾಕಿದ ಮೇಲೆ ಎರಡು ಬೆರಳು ಹೋಗುವಷ್ಟಿರಲಿ, ಹತ್ತಿ ಒಗೆದಾಗ ಸ್ವಲ್ಪ ಕುಗ್ಗುತ್ತದೆ.

ದುಡ್ಡಿನ ಬಗ್ಗೆ ಕೇಳಿದಿರಿ. ನನ್ನ ಮಟ್ಟಿಗೆ ಅತಿ ಲಾಭದ ಜಾಗ ಚಾರಿಟಿ ಅಂಗಡಿ, ದಾನ ಬಂದ ಹಳೆಯ ವಸ್ತು ಮಾರುವಂಥದ್ದು. ಅದರಲ್ಲೂ ಸಣ್ಣ ಊರುಗಳದ್ದು. ಪಿಟ್ಲಾಕ್ರಿ, ಕ್ರೀಫ್ ಕಡೆ ಹೋದಾಗ ಹ್ಯಾಂಗರ್ ಒಂದೊಂದೇ ಸರಿಸಿ ನೋಡಿ. ತೋಟ, ಬೇಟೆ ಅಂತ ಓಡಾಡಿದವರ ಹಳೆಯ ಟ್ಯಾಟರ್ಸಾಲ್ ಶರ್ಟುಗಳು ಬರುತ್ತವೆ. ಉದ್ದ ಬಾಲ, ದಪ್ಪ ಟ್ವಿಲ್ (ಓರೆ ಗೆರೆ ಬರುವಂತೆ ನೇಯ್ದ ಬಟ್ಟೆ), ಗಟ್ಟಿ ಗುಂಡಿ. ಬ್ರ್ಯಾಂಡ್ ಚೀಟಿಗಿಂತ ಮೊದಲು ಎದೆ ಜೇಬು ನೋಡಿ. ಜೇಬಿನ ಗೆರೆ ಅದರ ಹಿಂದಿನ ಗೆರೆಗೆ ಸರಿಯಾಗಿ ಸೇರಿ, ಜೇಬು ಎಲ್ಲಿದೆ ಅಂತ ಹುಡುಕುವ ಹಾಗಿದ್ದರೆ ಹೊಲಿದವರು ಮನಸ್ಸಿಟ್ಟು ಹೊಲಿದಿದ್ದಾರೆ. ಗುಂಡಿ ಪಟ್ಟಿಯಲ್ಲೂ ಹಾಗೇ. ಅಗ್ಗದ್ದರಲ್ಲಿ ಮೊದಲು ತಪ್ಪುವುದು ಇದೇ. ಯಾಕೆಂದರೆ ಗೆರೆ ಕೂಡಿಸಲು ಬಟ್ಟೆ ಜಾಸ್ತಿ ಬೇಕು.

ಆಮೇಲೆ ಕಾಲರ್ ಮಡಿಕೆ. ಅಲ್ಲಿ ನೂಲು ಎದ್ದಿದ್ದರೂ ಶರ್ಟ್ ಬಿಡಬೇಡಿ. ನಮ್ಮೂರ ಟೈಲರ್‌ಗಳು ಮೊದಲೆಲ್ಲ ಮಾಡುತ್ತಿದ್ದರಲ್ವಾ, ಕಾಲರ್ ಬಿಚ್ಚಿ ತಿರುಗಿಸಿ ಹೊಲಿಯುವುದು? ಅದನ್ನೇ ಮಾಡಿ. ಸವೆದ ಭಾಗ ಅಡಿಗೆ ಹೋಗುತ್ತದೆ. ಬೋನ್ ಸೀಳು ಇರುವ ಕಾಲರ್ ಮತ್ತು ತುದಿಗೆ ಗುಂಡಿ ಇರುವ ಕಾಲರ್‌ಗೆ ಇದು ಆಗುವುದಿಲ್ಲ.

ಊರಿಗೆ ಹೋಗುವವರಿದ್ದರೆ ಇನ್ನೊಂದು ದಾರಿ. ಚಿಕ್ಕಪೇಟೆಯಲ್ಲಿ ಬಟ್ಟೆ ತೆಗೆದುಕೊಂಡು ನಿಮ್ಮ ಟೈಲರ್ ಹತ್ತಿರ 32 ಇಂಚು ಉದ್ದ, ದುಂಡು ಬಾಲ ಅಂತ ಹೇಳಿ ಹೊಲಿಸಿ. ಚೆಕ್ಸ್ ಕೂಡಿಸಲು ಕಾಲು ಮೀಟರ್ ಜಾಸ್ತಿ ತನ್ನಿ. ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸಿ.

ಲೀತ್_ಕನ್ನಡಿಗ:
ಇಬ್ಬರಿಗೂ ಮನಸಾರೆ ಧನ್ಯವಾದ. ಮಂಡಿಯೂರಿದರೆ ಕಿಲ್ಟ್ ನೆಲಕ್ಕೆ ತಾಗುತ್ತಿತ್ತು! ಮೇಲಕ್ಕೆ ಕಟ್ಟಿದೆ. ಬಕಲ್ ಒಂದು ತೂತು ಒಳಗೆ ಹೋಯಿತು. ವೇಸ್ಟ್‌ಕೋಟ್ ಕೆಳಗಿನ ಸಂದಿ ಮುಚ್ಚಿಕೊಂಡಿತು.

ಮೊನ್ನೆ ಭಾನುವಾರ ಪಿಟ್ಲಾಕ್ರಿಯಲ್ಲಿ ಮೂರು ಅಂಗಡಿ ತಿರುಗಿದೆ. ಎರಡು ಶರ್ಟ್ ಸಿಕ್ಕಿದವು, ಎರಡೂ ಸೇರಿ 13 ಪೌಂಡ್. ಒಂದು ಟ್ವಿಲ್, ಕೆನೆ ನೆಲದ ಮೇಲೆ ಹಸಿರು ಮತ್ತು ಕಂದು ಗೆರೆ, ಉದ್ದ 32. ಜೇಬು ಇದೆ ಅಂತ ಗೊತ್ತಾಗಿದ್ದು ಕೈ ಹಾಕಿದಾಗಲೇ. ನಿನ್ನೆ ಕೇಲಿಗೆ ಹಾಕಿಕೊಂಡು ಹೋದೆ. ಕೊನೆಯ ಕುಣಿತದವರೆಗೂ ಬಾಲ ಒಳಗೇ ಇತ್ತು. ಇನ್ನೊಂದರ ಚೀಟಿಯಲ್ಲಿ ವಿಯೆಲ್ಲಾ ಅಂತಿದೆ, 55 ಭಾಗ ಮೆರಿನೋ ಉಣ್ಣೆ, 45 ಭಾಗ ಹತ್ತಿ. ಇದನ್ನು ಹೇಗೆ ನೋಡಿಕೊಳ್ಳಲಿ?

ಹೊಲಿಗೆಮನೆ_ಪರ್ತ್:
ಅದೃಷ್ಟ ಮಾಡಿದ್ದೀರಿ. ವಿಯೆಲ್ಲಾ 1893ರಿಂದ ಬಂದ ಬಟ್ಟೆ, ನಿಮಗೆ ಸಿಕ್ಕಿದ್ದು ಹಳೆಯ ಬೆರಕೆ. ಒಳಾಂಗಣದ ಕುಣಿತಕ್ಕೆ ಸೆಕೆಯಾಗುತ್ತದೆ, ಬಯಲಿನ ಗಾಳಿಗೆ ಬಹಳ ಹಿತ. ಬ್ರೇಮಾರ್‌ಗೆ ಅದನ್ನೇ ಹಾಕಿ. ಮೊದಲು ಬೆಳಕಿಗೆ ಹಿಡಿದು ನುಸಿ ತೂತು ಇದೆಯಾ ನೋಡಿ. ಉಣ್ಣೆ ಇರುವುದರಿಂದ ನುಸಿಗೆ ಇಷ್ಟ. ಉಗುರುಬೆಚ್ಚಗಿನ ನೀರಲ್ಲಿ ಉಣ್ಣೆ ಸೋಪು ಹಾಕಿ ಕೈಯಲ್ಲೇ ಒಗೆಯಿರಿ. ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ. ನೆರಳಲ್ಲಿ ಹರಡಿ ಒಣಗಿಸಿ. ಎತ್ತಿಡುವಾಗ ಕಿಲ್ಟ್ ಜೊತೆ ಒಂದೇ ಚೀಲದಲ್ಲಿ ಇಡಬೇಡಿ, ಒಂದಕ್ಕೆ ನುಸಿ ಬಿದ್ದರೆ ಇನ್ನೊಂದಕ್ಕೂ ಹೋಗುತ್ತದೆ.