ಅಪ್‌ಡೇಟ್: ಮಗಳ ಜೊತೆ ಅಯೋವಾ ಹುಡುಗಿಯರ ಮ್ಯಾಚ್‌ಗೆ ಹೋಗಿ ಬಂದೆ

ಅಮೆರಿಕದ ಅಯೋವಾ ಯೂನಿವರ್ಸಿಟಿ ಹುಡುಗಿಯರ ಬಾಸ್ಕೆಟ್‌ಬಾಲ್ ಸೀಸನ್‌ನ ಮೊದಲ ಮ್ಯಾಚ್‌ಗೆ ಎಂಟು ವರ್ಷದ ಮಗಳನ್ನು ಕರೆದುಕೊಂಡು ಹೋಗಬಹುದಾ, ಮೇಲಿನ ಸೀಟಿನಿಂದ ಆಟ ಕಾಣುತ್ತಾ ಅಂತ ಹೋದ ತಿಂಗಳು ಕೇಳಿದ್ದೆ. ಹೋಗಿ ಬಂದೆವು! ಮೇಲಿನ ಸೀಟೇ ಸಾಕು ಅಂದವರಿಗೆ ತುಂಬಾ ಥ್ಯಾಂಕ್ಸ್. ಮ್ಯಾಚ್ ನಡೆದ ಕಾರ್ವರ್-ಹಾಕ್‌ಐ ಅರೇನಾವನ್ನು ನೆಲದೊಳಗೆ ಇಳಿಸಿ ಕಟ್ಟಿದ್ದಾರೆ, ಬಾಗಿಲು ದಾಟಿದರೆ ನಾವು ನಿಂತಿರುವುದೇ ಮೇಲ್ಗಡೆ, ಅಂಕಣ ಕೆಳಗೆ ಬಾವಿಯ ತಳದಲ್ಲಿ ಇದ್ದ ಹಾಗೆ ಪೂರ್ತಿ ಕಾಣುತ್ತದೆ. ಈ ತಂಡದ ಸ್ಟಾರ್ ಆಗಿದ್ದ ಕೇಟ್ಲಿನ್ ಕ್ಲಾರ್ಕ್ 2024ರಲ್ಲೇ ಕಾಲೇಜು ಆಟ ಮುಗಿಸಿದರೂ ಎಲ್ಲಿ ನೋಡಿದರೂ ಅವಳ 22ನೇ ನಂಬರ್ ಜೆರ್ಸಿಯ ಪುಟ್ಟ ಹುಡುಗಿಯರು. ನನಗೆ ಕಣ್ಣು ತುಂಬಿ ಬಂತು. 10 ನಿಮಿಷದ 4 ಕ್ವಾರ್ಟರ್ ಅಷ್ಟೇ ಅಲ್ವಾ ಅಂದುಕೊಂಡಿದ್ದೆ, ಫೌಲ್, ಟೈಮ್‌ಔಟ್‌ಗೆಲ್ಲ ಗಡಿಯಾರ ನಿಂತು ಹತ್ತಿರ ಎರಡು ಗಂಟೆ ಆಯಿತು. ಮಗಳು ಒಂದು ಸಲವೂ ಮನೆಗೆ ಹೋಗೋಣ ಅನ್ನಲಿಲ್ಲ. ಜನವರಿಗೂ ಟಿಕೆಟ್ ತಗೊಂಡಾಯಿತು.