ಗಂಡ ತೀರಿಕೊಂಡ ಮೇಲೆ ಯಾವ ಪುಸ್ತಕ ಕೊಡಬಹುದು? ಆಪ್ತಸಮಾಲೋಚಕಿಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮ್ಮ ಅಪ್ಪ ತೀರಿಕೊಂಡು ನಾಲ್ಕು ತಿಂಗಳಾಯಿತು. ಅಮ್ಮನಿಗೆ 61 ವರ್ಷ. ಮೊದಲೆಲ್ಲ ವಾರಕ್ಕೊಂದು ಪುಸ್ತಕ ಮುಗಿಸುತ್ತಿದ್ದವರು. ಸ್ವಲ್ಪ ಧೈರ್ಯ ಬರಲಿ ಅಂತ, ದುಃಖದಿಂದ ಹೊರಗೆ ಬರುವುದು ಹೇಗೆ ಅನ್ನುವ ಥರದ ಒಂದು ಪುಸ್ತಕ ತಂದುಕೊಟ್ಟೆ. ನಾಲ್ಕು ಪುಟ ತಿರುವಿ, "ಇದನ್ನು ಬರೆದವಳ ಗಂಡ ಇನ್ನೂ ಇದ್ದಾನೆ ಅನ್ಸುತ್ತೆ" ಅಂತ ಪಕ್ಕಕ್ಕಿಟ್ಟರು. ನಾನು ತಪ್ಪು ಮಾಡಿದೆನಾ?

ಉತ್ತರ: ತಪ್ಪೇನಲ್ಲ. ಆದರೆ ನಿಮ್ಮ ಅಮ್ಮ ಸರಿಯಾಗಿಯೇ ಹೇಳಿದ್ದಾರೆ! ಇಂಥ ಪುಸ್ತಕಗಳಲ್ಲಿ ಎರಡು ಬಗೆ. ಒಂದು, ಹೀಗೆ ಮಾಡಿ ಹಾಗೆ ಮಾಡಿ ಅನ್ನುವವು. ಇನ್ನೊಂದು, ನನಗೆ ಹೀಗಾಯಿತು ಅನ್ನುವವು. ಮೊದಲ ತಿಂಗಳುಗಳಲ್ಲಿ ಎರಡನೆಯದೇ ವಾಸಿ. ಬುದ್ಧಿ ಹೇಳುವವರು ಸುತ್ತಮುತ್ತ ಬೇಕಾದಷ್ಟು ಜನ ಇರುತ್ತಾರೆ, ಪುಸ್ತಕವೂ ಯಾಕೆ ಅದನ್ನೇ ಹೇಳಬೇಕು?

ನಾನು ಜಾಸ್ತಿ ಹೇಳುವುದು ಜೋನ್ ಡಿಡಿಯನ್ ಅವರ ‘ದಿ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’ ಬಗ್ಗೆ. 2003ರ ಡಿಸೆಂಬರ್ 30ರ ರಾತ್ರಿ, ಊಟಕ್ಕೆ ಕೂತಾಗ ಅವರ ಗಂಡ ಜಾನ್ ಗ್ರೆಗರಿ ಡನ್ ಹಾಗೆಯೇ ಕುಸಿದು ತೀರಿಕೊಂಡರು. ಮುಂದಿನ ಒಂದು ವರ್ಷದ ಕಥೆ ಅದು. ಒಂದು ಕಡೆ ಆಕೆ ಗಂಡನ ಬಟ್ಟೆಗಳನ್ನು ತೆಗೆದು ಕೊಡಲು ಹೊರಡುತ್ತಾರೆ. ಬಟ್ಟೆ ಸರಿ, ಶೂ ಹತ್ತಿರ ಬಂದಾಗ ಕೈ ನಿಂತುಬಿಡುತ್ತದೆ. ವಾಪಸ್ ಬಂದರೆ ಅವರಿಗೆ ಶೂ ಬೇಕಾಗುತ್ತದಲ್ಲ! ಆಕೆ ತುಂಬಾ ತಿಳಿದವರು, ಹೆಸರಾಂತ ಲೇಖಕಿ. ಮರಣೋತ್ತರ ಪರೀಕ್ಷೆಗೆ ಒಪ್ಪಿಗೆ ಕೊಟ್ಟವರೂ ಅವರೇ. ಆದರೂ ಮನಸ್ಸಿನ ಒಂದು ಮೂಲೆ ಕಾಯುತ್ತಲೇ ಇತ್ತು. ಆ ಪುಟ ಓದಿದ ಎಷ್ಟೋ ಹೆಂಗಸರು ನನ್ನೆದುರು, "ಹಾಗಾದರೆ ನನಗೆ ತಲೆ ಕೆಟ್ಟಿಲ್ಲ ಅಲ್ವಾ?" ಅಂತ ಕೇಳಿದ್ದಾರೆ. ನನ್ನ ಮಟ್ಟಿಗೆ ಇಂಥ ಪುಸ್ತಕ ಮಾಡಬೇಕಾದ ಕೆಲಸ ಅಷ್ಟೇ. ದುಃಖ ಕಡಿಮೆ ಮಾಡುವುದು ಅದರ ಕೈಲಿಲ್ಲ.

ಜಾಯ್ಸ್ ಕರೋಲ್ ಓಟ್ಸ್ ಅವರ ‘ಎ ವಿಡೋಸ್ ಸ್ಟೋರಿ’ ಕೂಡ ಇದೆ (2011). ಗಂಡನಿಗೆ ನ್ಯುಮೋನಿಯಾ ಅಂತ ಆಸ್ಪತ್ರೆಗೆ ಸೇರಿಸಿದ್ದರು, ಕೆಲವೇ ದಿನಗಳಲ್ಲಿ ಹೋಗಿಬಿಟ್ಟರು. ಸಂತಾಪ ಸೂಚಿಸಿ ಬಂದ ಉಡುಗೊರೆ ಬುಟ್ಟಿಗಳನ್ನು ಕಸಕ್ಕೆ ಎಳೆದುಕೊಂಡು ಹೋಗುವಷ್ಟು ಸಿಟ್ಟು ಅದರಲ್ಲಿದೆ. ಆದರೆ ದಪ್ಪ ಪುಸ್ತಕ, ಸಾವಿನ ಯೋಚನೆಯೂ ಮತ್ತೆ ಮತ್ತೆ ಬರುತ್ತದೆ. ನಾಲ್ಕನೇ ತಿಂಗಳಿಗೆ ನಾನು ಕೊಡುವುದಿಲ್ಲ.

ಪ್ರಶ್ನೆ (ಅದೇ ಮಗಳು): ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ.

ಉತ್ತರ: ನೀವು ಓದಿ, ಕಥೆಯಂತೆ ಹೇಳಿ. ದಿನಕ್ಕೆ ಒಂದು ಪ್ರಸಂಗ ಸಾಕು. ನಡುವೆ ಅವರು ಬೇರೆ ಮಾತಿಗೆ ಹೋದರೆ ಬಿಟ್ಟುಬಿಡಿ. ಓದಿದೆಯಾ, ಎಷ್ಟಾಯಿತು ಅಂತ ಮಾತ್ರ ಕೇಳಬೇಡಿ.

ಇನ್ನೊಬ್ಬರ ಪ್ರಶ್ನೆ: ದುಃಖಕ್ಕೆ ಐದು ಹಂತ ಅಂತಾರಲ್ಲ ಮೇಡಂ, ಅದನ್ನು ತಿಳಿಸುವ ಪುಸ್ತಕ ಮೊದಲು ಓದಿಸಿದರೆ ಒಳ್ಳೆಯದಲ್ಲವೇ? ನಮ್ಮ ಅತ್ತಿಗೆ ಇನ್ನೂ ಸಿಟ್ಟಿನ ಹಂತದಲ್ಲೇ ಇದ್ದಾರೆ ಅನ್ನಿಸುತ್ತದೆ.

ಉತ್ತರ: ದಯವಿಟ್ಟು ಬೇಡ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಕೊಳ್ಳುವುದು ಅನ್ನುವ ಆ ಐದು ಹಂತಗಳು ಮನೋವೈದ್ಯೆ ಎಲಿಜಬೆತ್ ಕ್ಯೂಬ್ಲರ್-ರಾಸ್ ಅವರ 1969ರ ಪುಸ್ತಕದಿಂದ ಬಂದವು. ಅವರು ಮಾತಾಡಿಸಿದ್ದು ಸಾವಿಗೆ ಹತ್ತಿರವಾಗಿದ್ದ ರೋಗಿಗಳನ್ನು. ಉಳಿದುಕೊಂಡವರಿಗೆ ಅದನ್ನು ಅಂಟಿಸಿದ್ದು ಆಮೇಲೆ. ಈಗ ಎಲ್ಲರೂ ಅದನ್ನು ಶಾಲೆಯ ತರಗತಿ ಥರ ನೋಡುತ್ತಾರೆ. ಯಾವುದರಲ್ಲಿದ್ದೀರಿ, ಪಾಸಾದಿರಾ ಅಂತ!

1999ರಲ್ಲಿ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಮನಶ್ಶಾಸ್ತ್ರಜ್ಞರು ದುಃಖದ ಬೇರೆ ಒಂದು ಚಿತ್ರ ಕೊಟ್ಟರು. ನಾನು ನೋಡುವುದಕ್ಕೆ ಅದು ಹತ್ತಿರ. ಮನಸ್ಸು ಎರಡು ಕಡೆಗೂ ತೂಗುತ್ತಿರುತ್ತದೆ. ಒಂದು ಕಡೆ ಹೋದವರ ನೆನಪು, ಇನ್ನೊಂದು ಕಡೆ ಇವತ್ತಿನ ಕೆಲಸ. ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಖಾತೆಯ ಹೆಸರು ಬದಲಾಯಿಸಿ, ಎಲ್ಲ ಕಡೆ ಸಹಿ ಹಾಕಿ ಬರುತ್ತಾರೆ. ಒಂದು ಹನಿ ಕಣ್ಣೀರು ಇಲ್ಲ. ಸಂಜೆ ಹಳೇ ಚೆಕ್ ಪುಸ್ತಕದಲ್ಲಿ ಗಂಡನ ಅಕ್ಷರ ಕಂಡಾಗ ಕೂತಲ್ಲೇ ಕುಸಿಯುತ್ತಾರೆ. ಹಿಂದಕ್ಕೆ ಹೋದರು ಅಂತ ಅದರ ಅರ್ಥವಲ್ಲ, ತೂಗುವುದು ಅಂದರೆ ಅದೇ. ನಿಮ್ಮ ಅತ್ತಿಗೆಗೆ ಸಿಟ್ಟು ಬಂದರೆ ಬರಲಿ ಬಿಡಿ.

ಮತ್ತೊಬ್ಬರು: ನನ್ನ ಗೆಳತಿಗೆ 36, ಇಬ್ಬರು ಚಿಕ್ಕ ಮಕ್ಕಳು. ವಯಸ್ಸಾದವರ ಕಥೆ ಅವಳಿಗೆ ಹಿಡಿಸುತ್ತಾ?

ಉತ್ತರ: ಕಷ್ಟ. 40 ವರ್ಷ ಜೊತೆಗಿದ್ದವರ ಕಥೆ ಓದಿದರೆ, "ಇವರಿಗೆ ಅಷ್ಟಾದರೂ ಸಿಕ್ಕಿತಲ್ಲ" ಅಂತ ಅನ್ನಿಸಬಹುದು. ಆಗ ಫೇಸ್‌ಬುಕ್‌ನಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಶೆರಿಲ್ ಸ್ಯಾಂಡ್‌ಬರ್ಗ್, ಮನಶ್ಶಾಸ್ತ್ರಜ್ಞ ಆಡಂ ಗ್ರ್ಯಾಂಟ್ ಜೊತೆ 2017ರಲ್ಲಿ ಬರೆದ ‘ಆಪ್ಷನ್ ಬಿ’ ನೋಡಿ. 2015ರಲ್ಲಿ ಗಂಡ ಹಠಾತ್ತಾಗಿ ತೀರಿಕೊಂಡಾಗ ಅವರಿಗೂ ಇಬ್ಬರು ಸಣ್ಣ ಮಕ್ಕಳು. ಅಪ್ಪ ಇಲ್ಲ ಅನ್ನುವುದನ್ನು ಮಕ್ಕಳಿಗೆ ಹೇಳುವ ಭಾಗ, ಕಚೇರಿಗೆ ಮರಳಿದ ಭಾಗ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಸಲಹೆ ಜಾಸ್ತಿ ಇದೆ. ಅವರಿಗಿದ್ದ ದುಡ್ಡು, ಅನುಕೂಲ ಎಲ್ಲರಿಗೂ ಇರುವುದಿಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಲಿ.

ಪ್ರಶ್ನೆ: ನಾನೇ ಗಂಡನನ್ನು ಕಳೆದುಕೊಂಡವಳು, ಏಳು ತಿಂಗಳಾಯಿತು. ಪುಸ್ತಕ ಹಿಡಿದರೆ ಒಂದೇ ಸಾಲನ್ನು ನಾಲ್ಕು ಸಲ ಓದುತ್ತೇನೆ. ತಲೆಗೆ ಹೋಗುವುದಿಲ್ಲ. ಮೊದಲು ಹೀಗಿರಲಿಲ್ಲ.

ಉತ್ತರ: ತುಂಬಾ ಜನರಿಗೆ ಹೀಗಾಗುತ್ತದೆ, ಗಾಬರಿ ಬೇಡ. ನಿದ್ದೆ ಸರಿಯಿಲ್ಲ, ಮನಸ್ಸು ಬೇರೆಲ್ಲೋ ಇರುತ್ತದೆ. ಅಕ್ಷರ ಎಲ್ಲಿ ನಿಲ್ಲುತ್ತದೆ ಹೇಳಿ? ಸಿ. ಎಸ್. ಲೂಯಿಸ್ ಅವರ ‘ಎ ಗ್ರೀಫ್ ಅಬ್ಸರ್ವ್ಡ್’ ಅಂತ ತೆಳ್ಳಗಿನ ಪುಸ್ತಕವಿದೆ. ಅವರು ಹೆಂಡತಿಯನ್ನು ಕಳೆದುಕೊಂಡವರು, ಆದರೆ ನೋವಿನಲ್ಲಿ ಅಂಥ ವ್ಯತ್ಯಾಸವೇನಿಲ್ಲ. ನೋಟ್‌ಬುಕ್‌ಗಳಲ್ಲಿ ಗೀಚಿಕೊಂಡಿದ್ದನ್ನು 1961ರಲ್ಲಿ ಬೇರೆ ಹೆಸರಿನಲ್ಲಿ ಅಚ್ಚು ಮಾಡಿಸಿದರು. ಎಲ್ಲಿಂದ ಬೇಕಾದರೂ ತೆರೆಯಬಹುದು, ಅರ್ಧ ಪುಟಕ್ಕೆ ನಿಲ್ಲಿಸಬಹುದು. ದೇವರ ಮೇಲೆ ಮುನಿಸಿಕೊಂಡ ಪುಟಗಳೂ ಇವೆ. ಓದಲು ಆಗದಿದ್ದರೆ ಆಡಿಯೋ ಪುಸ್ತಕ ಕೇಳಿ.

ಪುಸ್ತಕಕ್ಕಿಂತ ಇನ್ನೊಬ್ಬ ಹೆಂಗಸು ಹೆಚ್ಚು ಆಗಿಬರಬಹುದು. 1960ರ ದಶಕದಲ್ಲಿ ಬೋಸ್ಟನ್‌ನಲ್ಲಿ ಫಿಲಿಸ್ ಸಿಲ್ವರ್‌ಮನ್ ಒಂದು ಕಾರ್ಯಕ್ರಮ ಶುರು ಮಾಡಿದರು. ಹೊಸದಾಗಿ ಗಂಡನನ್ನು ಕಳೆದುಕೊಂಡವರ ಮನೆಗೆ ಹೋಗುತ್ತಿದ್ದವರು, ಅದನ್ನು ಮೊದಲೇ ಅನುಭವಿಸಿದ್ದ ಹೆಂಗಸರು. ಅಂಥವರೊಬ್ಬರು ನಿಮ್ಮ ಪರಿಚಯದಲ್ಲಿದ್ದರೆ ಸುಮ್ನೆ ಒಂದು ಫೋನ್ ಮಾಡಿ.

ಒಂದು ಮಾತು. ವರ್ಷ ಕಳೆದ ಮೇಲೂ ಹೆಚ್ಚುಕಮ್ಮಿ ಪ್ರತಿದಿನ ಅದೇ ತೀವ್ರತೆ ಇದ್ದು, ದಿನದ ಕೆಲಸವೇ ಆಗದಿದ್ದರೆ ಅದನ್ನು ಈಗ ದೀರ್ಘಕಾಲದ ಶೋಕದ ಸಮಸ್ಯೆ ಅಂತ ವೈದ್ಯರು ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ಬದುಕುವುದೇ ಬೇಡ ಅನ್ನಿಸಿದರೆ ಮಾತ್ರ ವರ್ಷದವರೆಗೆ ಕಾಯಬೇಡಿ. ಅವತ್ತೇ ಮನೆಯವರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ.

ಮೊದಲು ಕೇಳಿದ ಮಗಳು: ಮೇಡಂ, ಶೂ ಕಥೆ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ. ಮಾರನೇ ದಿನ ಬಟ್ಟೆ ಮಡಿಸುತ್ತಾ, "ಆಕೆಗೆ ಮಕ್ಕಳಿದ್ರಾ?" ಅಂತ ಕೇಳಿದರು. ಏನು ಹೇಳಲಿ?

ಉತ್ತರ: ಒಬ್ಬಳೇ ಮಗಳು, ಅಪ್ಪ ಹೋದ ರಾತ್ರಿ ಆಕೆ ಆಸ್ಪತ್ರೆಯ ಐಸಿಯುನಲ್ಲಿದ್ದಳು. ಪುಸ್ತಕ ಬರುವ ಹೊತ್ತಿಗೆ ಅವಳೂ ಇರಲಿಲ್ಲ. ಇದನ್ನು ನಾನು ಮೊದಲೇ ಹೇಳಬೇಕಿತ್ತು. ಕೇಳಿದ್ದಾರೆ ಅಂದಮೇಲೆ ಮುಚ್ಚಿಡಬೇಡಿ, ಆದರೆ ರಾತ್ರಿ ಮಲಗುವ ಹೊತ್ತಿಗೆ ಬೇಡ. ಹೇಳುವಾಗ ಪಕ್ಕದಲ್ಲಿ ಕೂತು ನೀವೂ ಬಟ್ಟೆ ಮಡಿಸಿ.