ಇಲಿ, ನಾಯಿ, ಹಸು: ಕಾರ್ಟಿಸೋಲ್ ಹೋಲಿಸಿ ನೋಡಿದವರು ತಿಳಿಸಿ

ಪ್ರಶ್ನೆ: ಮೂರರ ಸೀರಮ್ಮನ್ನೂ (ರಕ್ತದ ತಿಳಿ) ಮನುಷ್ಯರ ಕಾರ್ಟಿಸೋಲ್ (ಒತ್ತಡದ ಹಾರ್ಮೋನು) ಅಳೆಯೋ ಎಲಿಸಾ (ಆಂಟಿಬಾಡಿ ಬಳಸುವ ಪರೀಕ್ಷೆ) ಕಿಟ್‌ಗೆ ಹಾಕಿದೆ. ನಾಯಿದು ಸರಿಯಾಗಿ ಬಂತು, ಹಸುದು ತೀರಾ ಕಡಿಮೆ, ಇಲಿದು ಹೆಚ್ಚುಕಡಿಮೆ ಸೊನ್ನೆ. ಕಿಟ್ ಕೆಟ್ಟಿದೆಯಾ?

ಪ್ರಾಣಿಮನೆ: ಕಿಟ್ ಸರಿಯಾಗೇ ಇದೆ. ಇಲಿಯ ಅಡ್ರಿನಲ್‌ನಲ್ಲಿ ಕಾರ್ಟಿಸೋಲ್ ಮಾಡೋಕೆ ಬೇಕಾದ 17-ಆಲ್ಫಾ ಹೈಡ್ರಾಕ್ಸಿಲೇಸ್ ಅನ್ನೋ ಕಿಣ್ವ ಇಲ್ಲ, ಇಲಿ ಮಾಡೋದು ಕಾರ್ಟಿಕೋಸ್ಟೆರಾನ್ ಅನ್ನೋ ಬೇರೆ ಹಾರ್ಮೋನು. ಅದಕ್ಕೆ ಬೇರೆ ಕಿಟ್ಟೇ ಬೇಕು. 96 ವೆಲ್‌ನಲ್ಲಿ (ಕಿಟ್ ತಟ್ಟೆಯ ಕುಳಿ) ಬ್ಲ್ಯಾಂಕು (ಹಾರ್ಮೋನಿಲ್ಲದ್ದು), 7 ಸ್ಟ್ಯಾಂಡರ್ಡು (ಮಟ್ಟ ಗೊತ್ತಿರೋವು) ಜೋಡಿಯಾಗಿ ಹಾಕಿದರೆ 16 ಹೋಯ್ತು. ಎರಡು ಕಂಟ್ರೋಲಿಗೆ ಇನ್ನು 4. ಉಳಿದ 76, ಅದೂ ಜೋಡಿಯಾಗಿ, 38 ಸ್ಯಾಂಪಲ್ಲಿಗೆ ಮಾತ್ರ. ಪಂಜರ ಮುಟ್ಟಿದ ಮೇಲೆ 3 ನಿಮಿಷ ದಾಟಿ ತೆಗೆದ ರಕ್ತಕ್ಕೆ ಆ ವೆಲ್ ವ್ಯರ್ಥ ಮಾಡಬೇಡಿ, ಗಾಬರಿಗೇ ಹಾರ್ಮೋನು ಏರಿರುತ್ತೆ. ಒಂದೇ ಪಂಜರದಿಂದ ನಾಲ್ಕು ಇಲಿ ಒಂದೊಂದಾಗಿ ಎತ್ತಿದರೆ ಕೊನೆಯದರ ಮಟ್ಟ ಆಗಲೇ ಏರಿರುತ್ತೆ. ದಿನದಲ್ಲಿ ಇಲಿಗೆ ಹಾರ್ಮೋನು ತಾನಾಗಿ ಏರುವ ಹೊತ್ತು ದೀಪ ಆರುವಾಗ, ಮನುಷ್ಯರಿಗೆ ಬೆಳಗಿನ ಜಾವ.

ಮಾಸ್‌ಸ್ಪೆಕ್: ಎಲಿಸಾ ಸಹವಾಸವೇ ಬೇಡ. ನಾಯಿಗೆ ಪ್ರೆಡ್ನಿಸೊಲೋನ್ (ಸ್ಟೆರಾಯ್ಡ್ ಔಷಧಿ) ಕೊಟ್ಟಿದ್ದರೆ ಆಂಟಿಬಾಡಿ ಅದನ್ನೂ ಕಾರ್ಟಿಸೋಲ್ ಅಂತ ಎಣಿಸುತ್ತೆ. ಎಲ್‌ಸಿ-ಎಂಎಸ್‌ನಲ್ಲಿ (ಕಾಲಮ್‌ನಲ್ಲಿ ಬಿಡಿಸಿ ಅಣು ತೂಗುವ ಯಂತ್ರ) ಎರಡೂ ಹಾರ್ಮೋನು ಒಂದೇ ರನ್‌ನಲ್ಲಿ ಸಿಗುತ್ತೆ, ಅಣುವಿನ ತೂಕದಿಂದ ಅದರ ಚೂರಿನ ತೂಕಕ್ಕೆ ಹೀಗೆ: ಕಾರ್ಟಿಸೋಲ್ 363ರಿಂದ 121, ಕಾರ್ಟಿಕೋಸ್ಟೆರಾನ್ 347ರಿಂದ 121. ಒಂದು ಎಚ್ಚರ: ಕಾರ್ಟಿಸೋಲ್ ಆಗೋ ಮುಂಚಿನ ಹಂತವಾದ 11-ಡಿಯಾಕ್ಸಿಕಾರ್ಟಿಸೋಲ್ ತೂಕವೂ 347ಕ್ಕೇ ಬೀಳುತ್ತೆ. ಕಾಲಮ್‌ನಲ್ಲೇ ಬಿಡಿಸಬೇಕು, ಗ್ರೇಡಿಯಂಟ್ (ದ್ರಾವಕ ಬದಲಿಸುವ ವೇಗ) ಅವಸರ ಮಾಡಿದರೆ ಎರಡು ಪೀಕ್ ಒಂದರ ಮೇಲೊಂದು ಕೂರುತ್ತೆ.

ಪ್ರಾಣಿಮನೆ: ಸುಂಡಿಲಿ ಬಾಲದಿಂದ ಸಿಗೋದು 20 ಮೈಕ್ರೋಲೀಟರ್ ಪ್ಲಾಸ್ಮಾ. ಅದನ್ನೂ ನಿಮ್ಮ ಯಂತ್ರದ ಸರದಿಗೆ ಕಾಯಿಸಬೇಕಾ? ಎಲಿಸಾದವರೆಲ್ಲ ದಡ್ಡರು ಅನ್ನೋ ಧಾಟಿ ಬಿಡಿ.

ಮಾಸ್‌ಸ್ಪೆಕ್: ದಡ್ಡರು ಅಂದಿಲ್ಲ. ಸ್ಯಾಂಪಲ್ ದುರ್ಬಲಗೊಳಿಸಿ ಓಡಿಸಿದರೆ ಅದರ ಗೆರೆ ಸ್ಟ್ಯಾಂಡರ್ಡಿನ ಗೆರೆಗೆ ಸಮಾನಾಂತರ ಬರುತ್ತಾ ನೋಡಿದ್ದೀರಾ? ಅದಿಲ್ಲದೆ ಮನುಷ್ಯರ ಕಿಟ್ಟನ್ನು ಹಸುವಿಗೆ ಬಳಸೋದು ತಪ್ಪು.

ದೊಡ್ಡಿ ಡಾಕ್ಟರ್: ಹಸುವಿನ ಮೂಲಮಟ್ಟ ಇರೋದೇ ಕಡಿಮೆ. ಮೂಗುದಾರ ಹಿಡಿದು ಎಳೆದಾಡಿ ಕುತ್ತಿಗೆಗೆ ಸೂಜಿ ಚುಚ್ಚಿದರೆ ಅದೂ ಏರುತ್ತೆ. ನಾಯಿಯಲ್ಲಿ ಒಂದೇ ರೀಡಿಂಗ್ ನಂಬಬೇಡಿ: ಕೃತಕ ಎಸಿಟಿಎಚ್ (ಅಡ್ರಿನಲ್ ಕೆರಳಿಸುವ ಹಾರ್ಮೋನು) ಕೆಜಿಗೆ 5 ಮೈಕ್ರೋಗ್ರಾಂ ರಕ್ತನಾಳಕ್ಕೆ, ರಕ್ತ 0 ಮತ್ತು 60ನೇ ನಿಮಿಷಕ್ಕೆ. ಅಳತೆಯನ್ನೂ ಒಂದು ಮಾಡಿ. ಡೆಸಿಲೀಟರಿಗೆ 1 ಮೈಕ್ರೋಗ್ರಾಂ ಕಾರ್ಟಿಸೋಲ್ ಅಂದರೆ ಲೀಟರಿಗೆ 27.6 ನ್ಯಾನೋಮೋಲ್, ಕಾರ್ಟಿಕೋಸ್ಟೆರಾನ್ ಆದರೆ 28.9.

ಪ್ರಾಣಿಮನೆ: ಅಳತೆ ಒಂದಾದರೂ ಪ್ರಾಣಿ ಒಂದಾಗಲ್ಲ ಡಾಕ್ಟ್ರೇ. ದಕ್ಷಿಣ ಅಮೆರಿಕದ ಸ್ಕ್ವಿರಲ್ ಮಂಗದ ಕಾರ್ಟಿಸೋಲ್ ನಮ್ಮದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಆದರೂ ಕುಶಿಂಗ್ (ಕಾರ್ಟಿಸೋಲ್ ಅತಿಯಾದಾಗಿನ ರೋಗ) ಲಕ್ಷಣ ಇಲ್ಲ. ಹಾರ್ಮೋನು ಹಿಡಿಯೋ ಗ್ರಾಹಿಯೇ ಮಂದ.

ದೊಡ್ಡಿ ಡಾಕ್ಟರ್: ಅವರು ಕೇಳಿದ್ದು ಹಸು, ನಾಯಿ, ಇಲಿ. ಮಂಗ ಎಲ್ಲಿಂದ ಬಂತು?